ಮೋಟಾರು ವಿಮೆಯ ದರನೀತಿ ಮತ್ತು ಮಾಂಡವ್ಯನ ಪ್ರಶ್ನೆ: ವಸಂತಪುರದ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ಅವಲೋಕನ

ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಮಗ್ಗುಲಲ್ಲಿರುವ ವಸಂತಪುರವು ತನ್ನ ಹೆಸರನ್ನು ಅಲ್ಲಿನ ವಸಂತವಲ್ಲಭರಾಯಸ್ವಾಮಿಯೊಂದಿಗೆ ಹಂಚಿಕೊಂಡಿರುವ ಊರು. ಈ ಕ್ಷೇತ್ರದಲ್ಲಿ ಮಾಂಡವ್ಯ ಮಹರ್ಷಿಗಳು ತಪಸ್ಸು ಮಾಡಿದರೆಂದು ಸ್ಥಳಪುರಾಣ ಹೇಳುತ್ತದೆ. ಒಂದು ಕಾಲದಲ್ಲಿ ಬೆಂಗಳೂರಿನ ಹೊರಗಿನ ಹಳ್ಳಿಯಾಗಿದ್ದ ಈ ಊರು, 2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಗ್ರಾಮಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದ ಬಳಿಕ 198 ವಾರ್ಡುಗಳ ಪಟ್ಟಿಯಲ್ಲಿ 197ನೆಯದಾಗಿ ಕಾಣಿಸಿಕೊಂಡಿತು. 2025ರಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಊರಿನ ಗಡಿ ಹೀಗೆ ಮತ್ತೆ ಮತ್ತೆ ಬದಲಾದಂತೆ, ಆ ಊರಿನ ಮನುಷ್ಯನನ್ನು ಯಾವ ಗುಂಪಿಗೆ ಸೇರಿಸಿ ಲೆಕ್ಕ ಹಾಕಬೇಕೆಂಬ ಪ್ರಶ್ನೆಯೂ ಬದಲಾಗುತ್ತ ಬಂದಿದೆ.

ಜಾನಪದ ಅಧ್ಯಯನದ ಸಂಪುಟವೊಂದರಲ್ಲಿ ಮೋಟಾರು ವಿಮೆಯಂತಹ ವಿಷಯಕ್ಕೆ ಸ್ಥಾನವೇನು ಎಂಬ ಸಂದೇಹ ಬರುವುದು ಸಹಜ. ಜಾನಪದವೆಂದರೆ ಹಾಡು, ಕತೆ, ಕುಣಿತಗಳಷ್ಟೇ ಅಲ್ಲ. ಒಂದು ಸಮುದಾಯವು ಕೇಡನ್ನು ಹೇಗೆ ಊಹಿಸುತ್ತದೆ, ಬಂದ ಕೇಡನ್ನು ಹೇಗೆ ಹಂಚಿಕೊಳ್ಳುತ್ತದೆ, ಯಾರ ತಪ್ಪಿಗೆ ಯಾರು ಬೆಲೆ ತೆರಬೇಕೆಂದು ಹೇಗೆ ತೀರ್ಮಾನಿಸುತ್ತದೆ ಎಂಬುದೂ ಅದರ ವ್ಯಾಪ್ತಿಗೆ ಬರುತ್ತದೆ. ವಿಮಾ ಸಂಸ್ಥೆಗಳು ವಾಹನ ಚಾಲಕನ ಅಪಾಯವನ್ನು ಅಳೆದು ದರ ನಿಗದಿ ಮಾಡುವ ಕ್ರಮವು ಇದೇ ಮೂರು ಪ್ರಶ್ನೆಗಳಿಗೆ ಆಧುನಿಕ ಕಾಲ ಕಂಡುಕೊಂಡಿರುವ ಉತ್ತರ. ಆ ಕ್ರಮದ ಚರಿತ್ರೆಯನ್ನು ಗುರುತಿಸಿ, ಅದರ ನ್ಯಾಯಾನ್ಯಾಯಗಳನ್ನು ವಸಂತಪುರದ ಐತಿಹ್ಯದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಾಂಡವ್ಯನ ಕತೆ ಮತ್ತು ಅದರ ಮೂರು ಆಕ್ಷೇಪಗಳು

ಮಾಂಡವ್ಯನೆಂಬ ಹೆಸರಿನ ಋಷಿಯ ಪ್ರಸಿದ್ಧ ಕತೆ ಮಹಾಭಾರತದ ಆದಿಪರ್ವದಲ್ಲಿದೆ. ಮೌನವ್ರತ ಹಿಡಿದು ತಪಸ್ಸಿಗೆ ನಿಂತಿದ್ದ ಋಷಿಯ ಆಶ್ರಮಕ್ಕೆ ಕಳ್ಳರು ನುಗ್ಗಿ, ಕದ್ದ ಮಾಲನ್ನು ಅಲ್ಲಿಯೇ ಬಚ್ಚಿಟ್ಟು ಅಡಗಿಕೊಳ್ಳುತ್ತಾರೆ. ಬೆನ್ನಟ್ಟಿ ಬಂದ ರಾಜಭಟರು ಕೇಳಿದ ಪ್ರಶ್ನೆಗೆ ಋಷಿ ಉತ್ತರಿಸುವುದಿಲ್ಲ. ಮಾಲೂ ಕಳ್ಳರೂ ಆಶ್ರಮದಲ್ಲೇ ಸಿಕ್ಕಿದ್ದರಿಂದ ಅವನನ್ನೂ ಕಳ್ಳರೊಂದಿಗೆ ಶೂಲಕ್ಕೇರಿಸಲಾಗುತ್ತದೆ. ಋಷಿ ಸಾಯುವುದಿಲ್ಲ. ತಪ್ಪನ್ನರಿತ ಅರಸನು ಕ್ಷಮೆ ಬೇಡಿ ಇಳಿಸಿದರೂ ಶೂಲದ ಮೊನೆ ಮೈಯಲ್ಲೇ ಉಳಿದು ಅವನು ಅಣಿಮಾಂಡವ್ಯನೆನಿಸಿಕೊಳ್ಳುತ್ತಾನೆ. ಮುಂದೆ ಅವನು ಧರ್ಮದೇವತೆಯ ಬಳಿಗೇ ಹೋಗಿ, ಯಾವ ಪಾಪಕ್ಕೆ ತನಗೆ ಈ ಶಿಕ್ಷೆಯೆಂದು ಕೇಳುತ್ತಾನೆ. ಬಾಲ್ಯದಲ್ಲಿ ಹುಲ್ಲುಕಡ್ಡಿಯಿಂದ ಕೀಟಗಳನ್ನು ಚುಚ್ಚಿದ ಫಲವಿದು ಎಂಬ ಉತ್ತರ ಬರುತ್ತದೆ. ಅಲ್ಪ ತಪ್ಪಿಗೆ ಇಷ್ಟು ದೊಡ್ಡ ದಂಡವೇ ಎಂದು ಕೆರಳಿದ ಋಷಿಯು, ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವೆನಿಸಬಾರದೆಂದು ಮರ್ಯಾದೆ ಹಾಕಿ, ಧರ್ಮನೇ ಮನುಷ್ಯನಾಗಿ ಹುಟ್ಟುವಂತೆ ಶಪಿಸುತ್ತಾನೆ. ವಿದುರನ ಜನನಕ್ಕೆ ಇದು ಕಾರಣಕತೆ.

ಆದಿಪರ್ವದ ಅಣಿಮಾಂಡವ್ಯನೂ ವಸಂತಪುರದ ಮಾಂಡವ್ಯನೂ ಒಬ್ಬನೇ ಎಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಸ್ಥಳಪುರಾಣಗಳು ಪ್ರಸಿದ್ಧ ಋಷಿಗಳ ಹೆಸರನ್ನು ತಮ್ಮ ನೆಲಕ್ಕೆ ಇಳಿಸಿಕೊಳ್ಳುವುದು ನಮ್ಮ ನಾಡಿನ ಎಲ್ಲೆಡೆ ಕಾಣುವ ಸಂಗತಿ. ಆದರೆ ಆ ಹೆಸರು ತನ್ನೊಂದಿಗೆ ಒಂದು ನ್ಯಾಯಚರ್ಚೆಯನ್ನೂ ಹೊತ್ತು ತರುತ್ತದೆ ಎಂಬುದು ಗಮನಾರ್ಹ. ಮಾಂಡವ್ಯನ ಕತೆಯಲ್ಲಿ ಮೂರು ಆಕ್ಷೇಪಗಳು ಅಡಗಿವೆ. ಮೊದಲನೆಯದು, ನೆರೆಯಲ್ಲಿ ಕಳ್ಳರು ಸಿಕ್ಕ ಮಾತ್ರಕ್ಕೆ ಅಲ್ಲಿದ್ದವನನ್ನೂ ಕಳ್ಳನೆಂದು ಎಣಿಸಬಾರದು. ಎರಡನೆಯದು, ದಂಡವು ತಪ್ಪಿನ ಗಾತ್ರಕ್ಕೆ ತಕ್ಕುದಾಗಿರಬೇಕು. ಮೂರನೆಯದು, ಹಳೆಯ ಲೆಕ್ಕಕ್ಕೆ ಒಂದು ಕಾಲಮಿತಿ ಇರಬೇಕು. ಈ ಮೂರರ ಹಿಂದೆ, ದಂಡ ವಿಧಿಸಿದವನನ್ನು ಕಾರಣ ಕೇಳುವ ಹಕ್ಕು ನಿಂತಿದೆ. ವಿಮಾ ದರದ ನ್ಯಾಯವನ್ನು ತೂಗಲು ಇದಕ್ಕಿಂತ ಸರಳವಾದ ತಕ್ಕಡಿ ಸಿಗಲಾರದು.

ಕೇಡನ್ನು ಹಂಚಿಕೊಳ್ಳುವ ದೇಸಿ ಕ್ರಮಗಳು

ವಿಮೆಯ ಮೂಲ ತತ್ವ ನಮ್ಮ ಗ್ರಾಮಸಮಾಜಕ್ಕೆ ಹೊಸತಲ್ಲ. ‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆ ಅದನ್ನೇ ಹೇಳುತ್ತದೆ. ಬೇಸಾಯದಲ್ಲಿ ಮುಯ್ಯಾಳು, ಮದುವೆಯಲ್ಲಿ ಮುಯ್ಯಿ, ಪೇಟೆಯಲ್ಲಿ ಚೀಟಿ ಇವೆಲ್ಲವೂ ಒಬ್ಬನ ಭಾರವನ್ನು ಹಲವರು ಹೊರುವ ವ್ಯವಸ್ಥೆಗಳು. ಮುಯ್ಯಿಯಲ್ಲಿ ಕೊಟ್ಟವನ ಹೆಸರೂ ಮೊತ್ತವೂ ಪುಸ್ತಕದಲ್ಲಿ ದಾಖಲಾಗುತ್ತದೆ. ಪಡೆದವನು ಮುಂದೊಂದು ದಿನ ಹಿಂದಿರುಗಿಸಬೇಕು. ಇಲ್ಲಿ ಅಪಾಯದ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಪರಸ್ಪರ ಪರಿಚಯವೇ ಲೆಕ್ಕ. ಸೋಮಾರಿ ಯಾರು, ಜತನಗಾರ ಯಾರು ಎಂಬುದು ಊರಿಗೇ ಗೊತ್ತಿರುತ್ತದೆ.

ವಾಹನಕ್ಕೆ ಸಂಬಂಧಿಸಿದ ಆಚರಣೆಗಳು ಇನ್ನೊಂದು ಬಗೆಯವು. ಹೊಸ ವಾಹನ ಕೊಂಡವರು ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೋ, ತಮ್ಮ ಬಡಾವಣೆಯ ದೇವಸ್ಥಾನಕ್ಕೋ ಒಯ್ದು ಪೂಜೆ ಮಾಡಿಸಿ, ಚಕ್ರದಡಿಯಲ್ಲಿ ನಿಂಬೆಹಣ್ಣು ಇಟ್ಟು ಹಾಯಿಸುತ್ತಾರೆ. ಆಯುಧಪೂಜೆಯಂದು ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು ದೃಷ್ಟಿ ತೆಗೆಯುತ್ತಾರೆ. ರಸ್ತೆಯ ಮೇಲೆ ಚೆಲ್ಲಿದ ಕುಂಬಳದ ಹೋಳುಗಳಿಂದ ಮುಂದಿನವರ ಗಾಡಿ ಜಾರುವುದೂ ಉಂಟು. ತನ್ನ ಕೇಡನ್ನು ಕಳೆಯಲು ಮಾಡಿದ್ದು ಮೂರನೆಯವನಿಗೆ ಕೇಡಾಗುವ ಈ ಸಂಗತಿ, ಮೋಟಾರು ಕಾನೂನಿನ ಹುಟ್ಟಿಗೆ ಕಾರಣವಾದ ಸಮಸ್ಯೆಯ ಕಿರುರೂಪದಂತಿದೆ.

ಈ ಆಚರಣೆಗಳಲ್ಲಿ ಒಂದು ಸಮಾನತೆಯಿದೆ. ನಿಂಬೆಹಣ್ಣಿಗೆ ಚಾಲಕರ ನಡುವೆ ಭೇದವಿಲ್ಲ; ನಲವತ್ತು ವರ್ಷ ಬಸ್ಸು ಓಡಿಸಿದವನಿಗೂ ನಿನ್ನೆ ಪರವಾನಗಿ ಪಡೆದವನಿಗೂ ಒಂದೇ ಹಣ್ಣು. ಹರಕೆಯ ಕ್ರಮ ಸ್ವಲ್ಪ ಬೇರೆ. ಅದು ಷರತ್ತಿನ ಒಪ್ಪಂದ. ಸುಖವಾಗಿ ಊರು ಮುಟ್ಟಿದ ಮೇಲೆ ಕಾಣಿಕೆ ಸಲ್ಲುತ್ತದೆ. ವಿಮೆಯ ಕಂತಾದರೋ ಮೊದಲೇ ಸಲ್ಲಬೇಕು. ಸುಖವಾಗಿ ಮುಟ್ಟಿದವನಿಗೆ ಮರುವರ್ಷ ರಿಯಾಯಿತಿ ದೊರೆಯುತ್ತದೆ. ಹರಕೆಯಲ್ಲಿ ಕ್ಷೇಮವಾಗಿದ್ದವನು ಕೊಡುತ್ತಾನೆ, ವಿಮೆಯಲ್ಲಿ ಕ್ಷೇಮವಾಗಿದ್ದವನು ಪಡೆಯುತ್ತಾನೆ. ದಿಕ್ಕು ಬೇರೆಯಾದರೂ ಎರಡರಲ್ಲೂ ಕ್ಷೇಮಕ್ಕೆ ಬೆಲೆ ಕಟ್ಟಲಾಗಿದೆ.

ಕಡ್ಡಾಯ ವಿಮೆಯ ಆಗಮನ

ಮೋಟಾರು ವಾಹನ ಬಂದ ಮೇಲೆ ಪರಿಚಯದ ಲೆಕ್ಕ ಸಾಲದಾಯಿತು. ಗಾಡಿ ಯಾರದೋ, ಪೆಟ್ಟು ತಿಂದವನು ಯಾವ ಊರಿನವನೋ. ಇಂಗ್ಲೆಂಡಿನಲ್ಲಿ 1930ರ ರಸ್ತೆ ಸಂಚಾರ ಕಾಯಿದೆಯು ಮೂರನೆಯ ವ್ಯಕ್ತಿಯ ಹಾನಿಗೆ ವಿಮೆಯನ್ನು ಕಡ್ಡಾಯಗೊಳಿಸಿತು. ಬ್ರಿಟಿಷ್ ಭಾರತದ 1939ರ ಮೋಟಾರು ವಾಹನ ಕಾಯಿದೆಯ ಎಂಟನೆಯ ಅಧ್ಯಾಯ ಅದೇ ತತ್ವವನ್ನು ಅಳವಡಿಸಿಕೊಂಡಿತಾದರೂ ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಅದರ ಸ್ಥಾನದಲ್ಲಿ ಬಂದ 1988ರ ಕಾಯಿದೆ 1989ರ ಜುಲೈ 1ರಿಂದ ಜಾರಿಯಾಯಿತು. ಇದರ 146ನೆಯ ಕಲಮಿನ ಪ್ರಕಾರ ವಿಮೆಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಇಲ್ಲಿ ರಕ್ಷಣೆ ಇರುವುದು ಮುಖ್ಯವಾಗಿ ವಾಹನದ ಒಡೆಯನಿಗಲ್ಲ, ರಸ್ತೆಯಲ್ಲಿ ನಡೆದು ಹೋಗುತ್ತಿರುವ ಅಪರಿಚಿತನಿಗೆ. ಆದಕಾರಣ ದರ ವಿಪರೀತವಾದರೆ ವಿಮೆ ಮಾಡಿಸದೆ ಓಡಿಸುವವರು ಹೆಚ್ಚುತ್ತಾರೆ. ಅದರ ನಷ್ಟ ಕಟ್ಟಕಡೆಗೆ ಪಾದಚಾರಿಯ ಮನೆಯವರಿಗೆ ತಟ್ಟುತ್ತದೆ. ದರದ ನ್ಯಾಯವು ಕೇವಲ ಗಿರಾಕಿ ಮತ್ತು ಸಂಸ್ಥೆಯ ನಡುವಿನ ವ್ಯವಹಾರವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡ ನಾಡಿಗೆ ವಿಮಾ ವ್ಯವಹಾರದಲ್ಲಿ ತನ್ನದೇ ಆದ ಪರಂಪರೆಯಿದೆ. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ನೌಕರರ ಜೀವವಿಮೆಗಾಗಿ 1891ರಲ್ಲಿ ಆರಂಭವಾದ ವ್ಯವಸ್ಥೆಯೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ಈ ಇಲಾಖೆಯ ಮೋಟಾರು ಶಾಖೆಯು ಸರ್ಕಾರಿ ವಾಹನಗಳಿಗೆ ವಿಮೆ ಒದಗಿಸುತ್ತದೆ. ರಸ್ತೆ ಸಾರಿಗೆ ನಿಗಮದ ಬಸ್ಸಿನಲ್ಲಿ ಪ್ರಯಾಣಿಕನು ಟಿಕೆಟ್ಟಿನೊಂದಿಗೆ ಅಪಘಾತ ಪರಿಹಾರ ನಿಧಿಗೆ ಸಲ್ಲಿಸುವ ರೂಪಾಯಿ, ಎರಡು ರೂಪಾಯಿಯ ವಂತಿಗೆಯೂ ಇಲ್ಲಿ ಸ್ಮರಣೀಯ. ಈ ನಿಧಿಯಿಂದ ಮೃತರ ಅವಲಂಬಿತರಿಗೆ ನೀಡುವ ಪರಿಹಾರವನ್ನು 2024ರಲ್ಲಿ 3 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಲಾಯಿತು. ಈ ವಂತಿಗೆ ನಿಂಬೆಹಣ್ಣಿನಂತೆ ಪ್ರಯಾಣಿಕರಲ್ಲಿ ಭೇದ ಎಣಿಸುವುದಿಲ್ಲ. ಖಾಸಗಿ ಕಾರಿನ ವಿಮೆ ಹಾಗಲ್ಲ. ಭೇದ ಎಣಿಸುವುದೇ ಅದರ ಕಸುಬು.

ದರಪಟ್ಟಿಯ ಯುಗ: ಗಾಡಿಯ ಜಾತಕ

1972ರ ಕಾಯಿದೆಯ ಮೂಲಕ ಸಾಮಾನ್ಯ ವಿಮಾ ವ್ಯವಹಾರ ರಾಷ್ಟ್ರೀಕರಣಗೊಂಡು, 1973ರ ಜನವರಿ 1ರಿಂದ 107 ಸಂಸ್ಥೆಗಳು ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಕಂಪನಿಗಳಲ್ಲಿ ಒಂದುಗೂಡಿದವು. ದರಗಳನ್ನು 1968ರ ತಿದ್ದುಪಡಿಯಿಂದ ಹುಟ್ಟಿದ ದರ ಸಲಹಾ ಸಮಿತಿ ನಿಗದಿಪಡಿಸುತ್ತಿತ್ತು. ಯಾವ ಕಂಪನಿಗೆ ಹೋದರೂ ದರ ಒಂದೇ. ಈ ಪದ್ಧತಿಯ ಕೊನೆಯ ಮುಖ್ಯ ಗ್ರಂಥವೆಂದರೆ 2002ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಮೋಟಾರು ದರಪಟ್ಟಿ.

ಈ ದರಪಟ್ಟಿಯು ಖಾಸಗಿ ಕಾರಿನ ಬಗ್ಗೆ ಕೇಳುತ್ತಿದ್ದ ಪ್ರಶ್ನೆಗಳು ನಾಲ್ಕು: ಗಾಡಿಯ ಘೋಷಿತ ಮೌಲ್ಯವೆಷ್ಟು, ಎಂಜಿನ್ನಿನ ಗಾತ್ರವೆಷ್ಟು, ವಯಸ್ಸೆಷ್ಟು, ನೋಂದಣಿಯಾದ ಕಚೇರಿ ಯಾವುದು. ನಾಲ್ಕನೆಯ ಪ್ರಶ್ನೆಗಾಗಿ ದೇಶವನ್ನು ಎರಡು ವಲಯಗಳಾಗಿ ವಿಭಾಗಿಸಲಾಗಿತ್ತು. ಅಹಮದಾಬಾದ್, ಬೆಂಗಳೂರು, ಚೆನ್ನೈ, ಹೈದರಾಬಾದ್, ಕೋಲ್ಕತ್ತ, ಮುಂಬಯಿ, ನವದೆಹಲಿ ಮತ್ತು ಪುಣೆ ‘ಎ’ ವಲಯ. ದೇಶದ ಉಳಿದ ಭಾಗವೆಲ್ಲ ‘ಬಿ’ ವಲಯ. ಐದು ವರ್ಷಕ್ಕಿಂತ ಕಡಿಮೆ ವಯಸ್ಸಿನ, 1000ದಿಂದ 1500 ಸಿಸಿ ಎಂಜಿನ್ನಿನ ಕಾರಿಗೆ ‘ಎ’ ವಲಯದಲ್ಲಿ ಮೌಲ್ಯದ ಶೇ. 3.283, ‘ಬಿ’ ವಲಯದಲ್ಲಿ ಶೇ. 3.191 ಸ್ವಂತ ಹಾನಿಯ ದರವಾಗಿತ್ತು.

ಇದನ್ನು ಕನಕಪುರ ರಸ್ತೆಯ ಮೇಲೆ ಇಟ್ಟು ನೋಡಬಹುದು. ಜಯನಗರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನೋಂದಣಿಯಾಗಿ ಕೆಎ-05 ಫಲಕ ಹೊತ್ತ, 4 ಲಕ್ಷ ರೂಪಾಯಿ ಮೌಲ್ಯದ ಕಾರಿಗೆ 13,132 ರೂಪಾಯಿ ಆಗುತ್ತದೆ. ರಾಮನಗರದಲ್ಲಿ ನೋಂದಣಿಯಾದ ಕೆಎ-42 ಫಲಕದ ಅದೇ ಮಾದರಿಯ ಕಾರಿಗೆ 12,764 ರೂಪಾಯಿ. ಎರಡನೆಯ ಕಾರು ನಿತ್ಯ ಕನಕಪುರದಿಂದ ಬೆಂಗಳೂರಿಗೆ ಬಂದು ಹೋಗುತ್ತಿರಬಹುದು. ಮೊದಲನೆಯದು ವಸಂತಪುರದ ಮನೆಯ ಮುಂದೆ ವಾರವಿಡೀ ನಿಂತಿರಬಹುದು. ದರಪಟ್ಟಿಗೆ ಅದು ಕಾಣುವುದಿಲ್ಲ, ಕಾಣುವುದು ಫಲಕದ ಅಕ್ಷರ ಮಾತ್ರ. ವ್ಯತ್ಯಾಸ 368 ರೂಪಾಯಿ, ದೊಡ್ಡದಲ್ಲ ನಿಜ. ಆದರೆ ತತ್ವ ದೊಡ್ಡದು. ನೆರೆಯವರ ಲೆಕ್ಕವನ್ನು ಒಬ್ಬನ ಮೇಲೆ ಹೊರಿಸುವ ಮಾಂಡವ್ಯನ ಮೊದಲನೆಯ ಆಕ್ಷೇಪ ಇಲ್ಲಿಗೆ ಅನ್ವಯಿಸುತ್ತದೆ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆಯೂ ಇದನ್ನೇ ಹೇಳುತ್ತದೆ.

ಇದಕ್ಕೆ ವಿಮಾಶಾಸ್ತ್ರದ ಸಮಾಧಾನವೂ ಉಂಟು. ಒಬ್ಬ ಚಾಲಕನಿಗೆ ಅಪಘಾತವಾಗುವುದು ಅಪರೂಪ. ಅವನೊಬ್ಬನ ಚರಿತ್ರೆಯಿಂದ ಅವನ ಅಪಾಯವನ್ನು ಅಳೆಯಲು ದಶಕಗಳೇ ಬೇಕು. ಆದುದರಿಂದ ಅವನಂತಹ ಸಾವಿರಾರು ಜನರ ಅನುಭವವನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯುವುದು ಅನಿವಾರ್ಯ. ಈ ವಾದ ಸುಳ್ಳಲ್ಲ. ಗುಂಪು ಕಟ್ಟದೆ ವಿಮೆಯೇ ಇಲ್ಲ. ಆದರೆ ‘ಅವನಂತಹ’ ಎಂಬ ಪದದ ಅರ್ಥವನ್ನು ನಿರ್ಧರಿಸುವವರು ಯಾರು, ಯಾವ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬಲ್ಲಿ ನ್ಯಾಯದ ಪ್ರಶ್ನೆ ಏಳುತ್ತದೆ.

ನೋ ಕ್ಲೇಮ್ ಬೋನಸ್: ಪುಣ್ಯದ ಲೆಕ್ಕ

ದರಪಟ್ಟಿಯಲ್ಲಿ ಮನುಷ್ಯನ ನಡತೆಗೆ ದೊರೆತಿದ್ದ ಮುಖ್ಯ ಸ್ಥಾನವೆಂದರೆ ನೋ ಕ್ಲೇಮ್ ಬೋನಸ್. ಒಂದು ವರ್ಷ ಸ್ವಂತ ಹಾನಿಯ ಕ್ಲೇಮು ಮಾಡದಿದ್ದರೆ ಮರುವರ್ಷದ ದರದಲ್ಲಿ ಶೇ. 20, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50 ರಿಯಾಯಿತಿ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ನಮ್ಮ ಜನಪದ ನೀತಿಗೆ ಇದು ಸಮೀಪವಾದುದು. ದರಪಟ್ಟಿಯ ಕಾಲ ಮುಗಿದ ಬಳಿಕವೂ ಇದೇ ಮೆಟ್ಟಿಲುಗಳು ಬಳಕೆಯಲ್ಲಿ ಮುಂದುವರಿದಿವೆ.

ಈ ಮೆಟ್ಟಿಲುಗಳನ್ನು ಸೂಕ್ಷ್ಮವಾಗಿ ಗಮನಿಸಿದರೆ ಮೂರು ಸಂಗತಿಗಳು ಕಾಣುತ್ತವೆ. ಮೊದಲನೆಯದಾಗಿ, ಒಂದೇ ಒಂದು ಕ್ಲೇಮು ಮಾಡಿದರೂ ರಿಯಾಯಿತಿ ಸೊನ್ನೆಗಿಳಿಯುತ್ತದೆ. ಬಂಪರು ಸವೆದ ಸಣ್ಣ ದುರಸ್ತಿಗೂ ಇಡೀ ಮುಂಭಾಗ ನಜ್ಜುಗುಜ್ಜಾದ ದೊಡ್ಡ ಅಪಘಾತಕ್ಕೂ ಪತನ ಒಂದೇ. ನಿಲ್ಲಿಸಿದ್ದ ಕಾರಿಗೆ ಇನ್ನೊಬ್ಬರು ಗುದ್ದಿ ಹೋದಾಗ ತನ್ನ ಪಾಲಿಸಿಯಿಂದ ದುರಸ್ತಿ ಮಾಡಿಸಿಕೊಂಡರೂ ಬೋನಸ್ ಹೋಗುತ್ತದೆ. ತಪ್ಪು ಯಾರದೆಂದು ಇಲ್ಲಿ ಕೇಳುವುದಿಲ್ಲ. ಹುಲ್ಲುಕಡ್ಡಿಯ ತಪ್ಪಿಗೆ ಶೂಲದ ದಂಡವೆಂಬ ಮಾಂಡವ್ಯನ ಎರಡನೆಯ ಆಕ್ಷೇಪ ಇಲ್ಲಿ ಜೀವಂತವಾಗುತ್ತದೆ.

ಎರಡನೆಯದಾಗಿ, ಕ್ಲೇಮು ಇಲ್ಲವೆಂದರೆ ಅಪಘಾತ ಇಲ್ಲವೆಂದು ಅರ್ಥವಲ್ಲ. ಮೇಲಿನ ಉದಾಹರಣೆಯ ಕಾರಿನ ಒಡೆಯನು ಶೇ. 50 ಬೋನಸ್ ಪಡೆದು 6,566 ರೂಪಾಯಿ ಕಟ್ಟುತ್ತಿದ್ದಾನೆ ಎಂದುಕೊಳ್ಳೋಣ. ಅವನು ಒಮ್ಮೆ ಕ್ಲೇಮು ಮಾಡಿದರೆ ಮತ್ತೆ ಐದು ಮೆಟ್ಟಿಲು ಏರಬೇಕು. ಕಾರಿನ ಮೌಲ್ಯ ಮತ್ತು ದರ ಬದಲಾಗವೆಂದು ಇಟ್ಟುಕೊಂಡರೆ, ಆ ಐದು ವರ್ಷಗಳಲ್ಲಿ ಅವನು ಕಳೆದುಕೊಳ್ಳುವ ರಿಯಾಯಿತಿ ಕ್ರಮವಾಗಿ ಮೂಲ ದರದ ಶೇ. 50, 30, 25, 15 ಮತ್ತು 5. ಒಟ್ಟು ಶೇ. 125, ಅಂದರೆ 16,415 ರೂಪಾಯಿ. ಹೀಗಾಗಿ ಸುಮಾರು 16 ಸಾವಿರಕ್ಕಿಂತ ಕಡಿಮೆಯ ದುರಸ್ತಿಗೆ ಅವನು ಕ್ಲೇಮು ಮಾಡುವುದು ಲಾಭದಾಯಕವಲ್ಲ. ಮೌಲ್ಯ ವರ್ಷವರ್ಷ ಇಳಿಯುವುದರಿಂದ ಈ ಮೊತ್ತ ವಾಸ್ತವದಲ್ಲಿ ಇನ್ನಷ್ಟು ಕಡಿಮೆಯಾಗುತ್ತದಾದರೂ ತರ್ಕ ಅದೇ. ಬೋನಸ್ ಉಳಿಸಿಕೊಳ್ಳಲು ಗ್ಯಾರೇಜಿನವನಿಗೆ ಕೈಯಿಂದ ಹಣ ಕೊಡುವ ರೂಢಿ ಈ ಲೆಕ್ಕದಿಂದಲೇ ಹುಟ್ಟಿದ್ದು. ಬೋನಸ್ ಅಳೆಯುವುದು ಚಾಲಕನ ಎಚ್ಚರವನ್ನಷ್ಟೇ ಅಲ್ಲ, ಒಡೆಯನ ಜೇಬಿನ ಶಕ್ತಿಯನ್ನೂ ಅಳೆಯುತ್ತದೆ. ಸಣ್ಣ ದುರಸ್ತಿಗೂ ಕೈಯಲ್ಲಿ ಹಣವಿಲ್ಲದವನು ಕ್ಲೇಮು ಮಾಡಿ ಬೋನಸ್ ಕಳೆದುಕೊಳ್ಳುತ್ತಾನೆ, ಅನುಕೂಲಸ್ಥನು ಅದನ್ನು ಉಳಿಸಿಕೊಳ್ಳುತ್ತಾನೆ.

ಮೂರನೆಯದು ಹೆಚ್ಚು ಗಂಭೀರವಾದುದು. ಈ ಬೋನಸ್ ಗಾಡಿಯೊಂದಿಗೆ ಹೋಗುವುದಿಲ್ಲ, ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರ ಆಸ್ತಿ. ಹಳೆಯ ಕಾರು ಮಾರಿ ಹೊಸದು ಕೊಂಡರೆ ಅವರು ಅದನ್ನು ಹೊಸ ಕಾರಿಗೆ ಒಯ್ಯಬಹುದು. ಆದರೆ ಕಾರನ್ನು ನಿಜವಾಗಿ ಓಡಿಸಿದವನು ಸಂಬಳದ ಚಾಲಕನಾಗಿದ್ದರೆ? ಅವನು ಇಪ್ಪತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದರೂ ಪುಣ್ಯವೆಲ್ಲ ಒಡೆಯನ ಹೆಸರಿಗೆ ಜಮೆಯಾಗುತ್ತದೆ. ಮುಂದೆ ಅವನು ಸಾಲ ಮಾಡಿ ಸ್ವಂತ ಗಾಡಿ ಕೊಂಡಾಗ ವಿಮಾ ಪುಸ್ತಕದಲ್ಲಿ ಹೊಸಬ, ಬೋನಸ್ ಸೊನ್ನೆ. ವಸಂತಪುರದಂತಹ ಬಡಾವಣೆಗಳಲ್ಲಿ ಬೆಳಗಾದರೆ ಪರರ ಕಾರು ತೊಳೆದು ಹೊರಡಿಸುವ ಚಾಲಕವರ್ಗವೊಂದಿದೆ. ಅವರ ಕುಶಲತೆಗೆ ಮುಯ್ಯಿಯ ಪುಸ್ತಕದಲ್ಲಿರುವಷ್ಟು ದಾಖಲೆಯೂ ಇಲ್ಲ. ಕಮ್ಮಾರ, ಬಡಗಿ, ನೇಕಾರರ ಕೈಗುಣವನ್ನು ಹೆಸರು ಹಿಡಿದು ನೆನೆಯುವ ನಾಡಿನಲ್ಲಿ ಚಾಲಕನ ಕೈಗುಣ ಅನಾಮಿಕವಾಗಿ ಉಳಿದಿದೆ.

ಬೋನಸ್ ಪದ್ಧತಿಯ ಒಂದು ಗುಣವನ್ನೂ ಹೇಳಬೇಕು. ಬಿದ್ದವನು ಐದು ವರ್ಷದಲ್ಲಿ ಮತ್ತೆ ತುದಿಗೇರಬಹುದು. ಹಳೆಯ ಕ್ಲೇಮು ಅಲ್ಲಿಗೆ ಮರೆವಿಗೆ ಸಲ್ಲುತ್ತದೆ. ಮಾಂಡವ್ಯ ಕೇಳಿದ ಕಾಲಮಿತಿ ಇಲ್ಲಿ ಪಾಲನೆಯಾಗಿದೆ.

ದರಮುಕ್ತಿಯ ನಂತರ

2007ರ ಜನವರಿ 1ರಿಂದ ಸ್ವಂತ ಹಾನಿಯ ದರಗಳು ದರಪಟ್ಟಿಯ ಕಟ್ಟಿನಿಂದ ಬಿಡುಗಡೆಯಾದವು. ಪ್ರತಿ ಕಂಪನಿಯೂ ತನ್ನ ಅನುಭವದಂತೆ ರಿಯಾಯಿತಿ ನೀಡುವ, ಹೆಚ್ಚುವರಿ ವಿಧಿಸುವ ಸ್ವಾತಂತ್ರ್ಯ ಪಡೆಯಿತು. ಮೂರನೆಯ ವ್ಯಕ್ತಿಯ ವಿಮೆಯ ದರ ಮಾತ್ರ ನಿಯಂತ್ರಣದಲ್ಲೇ ಉಳಿಯಿತು. ಲಾರಿಗಳಂತಹ ವಾಣಿಜ್ಯ ವಾಹನಗಳ ಈ ವಿಮೆ ನಷ್ಟದ ಬಾಬತ್ತಾಗಿದ್ದುದರಿಂದ ಕಂಪನಿಗಳು ಹಿಂಜರಿಯುತ್ತಿದ್ದವು. ಅದಕ್ಕಾಗಿ 2007ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ನಷ್ಟವನ್ನು ಹಂಚಿಕೊಳ್ಳುವ ಸಾಮಾನ್ಯ ನಿಧಿಯೊಂದನ್ನು ಏರ್ಪಡಿಸಲಾಯಿತು. ಹನಿಗೂಡಿದ ಈ ಹಳ್ಳವನ್ನು 2012ರ ಮಾರ್ಚ್ 31ಕ್ಕೆ ಮುಚ್ಚಿ, ಕಂಪನಿಗಳು ತಾವು ಹೊರಲೊಲ್ಲದ ಅಪಾಯವನ್ನಷ್ಟೇ ಒಪ್ಪಿಸುವ ಬೇರೊಂದು ನಿಧಿಯನ್ನು ತರಲಾಯಿತು. 2017ರ ಮಾರ್ಚ್ 30ರಿಂದ ದಕ್ಷಿಣ ರಾಜ್ಯಗಳ ಲಾರಿ ಮಾಲೀಕರು ನಡೆಸಿದ ಮುಷ್ಕರದ ಮುಖ್ಯ ಕಾರಣಗಳಲ್ಲಿ ಈ ದರದ ಏರಿಕೆಯ ಪ್ರಸ್ತಾಪವೂ ಒಂದು. ಕರ್ನಾಟಕದ ಮಾಲೀಕರೂ ಅದರಲ್ಲಿ ಪಾಲ್ಗೊಂಡಿದ್ದರು. ಬಳಿಕ ನಿಯಂತ್ರಣ ಪ್ರಾಧಿಕಾರವು ಏರಿಕೆಯನ್ನು ತಗ್ಗಿಸಿತು. ದಂಡ ವಿಧಿಸಿದವನನ್ನು ಕಾರಣ ಕೇಳುವ ಮಾಂಡವ್ಯನ ಹಕ್ಕನ್ನು ಸಂಘಟಿತರು ಚಲಾಯಿಸಿದ ಸಂದರ್ಭವಿದು. ಒಂಟಿ ಪಾಲಿಸಿದಾರನಿಗೆ ಅಂತಹ ಬಲವಿಲ್ಲ.

2022ರ ಜೂನ್ 1ರಿಂದ ಜಾರಿಗೆ ಬಂದ ಮೂರನೆಯ ವ್ಯಕ್ತಿ ವಿಮಾ ದರಗಳಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094, 1500 ಸಿಸಿವರೆಗಿನದಕ್ಕೆ 3,416, ಅದಕ್ಕೆ ಮೇಲ್ಪಟ್ಟದ್ದಕ್ಕೆ 7,897 ರೂಪಾಯಿ ಎಂದು ನಿಗದಿಯಾಗಿತ್ತು. ವಿದ್ಯುತ್ ವಾಹನಗಳಿಗೆ ಶೇ. 15 ರಿಯಾಯಿತಿ ನೀಡಲಾಯಿತು. ಗುದ್ದುವುದು ಎಂಜಿನ್ನಲ್ಲ, ಅದನ್ನು ನಡೆಸುವ ಕೈ ಎಂಬುದು ಎಲ್ಲರೂ ಬಲ್ಲ ಮಾತು. ಆದರೂ ಅಪರಿಚಿತನಿಗೆ ಆಗುವ ಹಾನಿಯ ಬೆಲೆಯನ್ನು ಈ ಪಟ್ಟಿ ಎಂಜಿನ್ನಿನ ಗಾತ್ರದಿಂದಲೇ ಅಳೆದಿತ್ತು.

ಹೊರದೇಶಗಳಲ್ಲಿ ಚರ್ಚೆ ಬೇರೆ ದಾರಿ ಹಿಡಿದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಮತದಾರರು ಅಂಗೀಕರಿಸಿದ 103ನೆಯ ಪ್ರಸ್ತಾವವು, ದರ ನಿಗದಿಯಲ್ಲಿ ಚಾಲಕನ ಸುರಕ್ಷಾ ದಾಖಲೆ ಮೊದಲನೆಯದಾಗಿ, ವರ್ಷಕ್ಕೆ ಓಡಿಸುವ ದೂರ ಎರಡನೆಯದಾಗಿ, ಚಾಲನೆಯ ಅನುಭವದ ವರ್ಷಗಳು ಮೂರನೆಯದಾಗಿ ಪರಿಗಣಿತವಾಗಬೇಕೆಂದು ವಿಧಿಸಿತು. ವಾಸಸ್ಥಳದಂತಹ ಅಂಶಗಳಿಗೆ ಇವುಗಳ ನಂತರದ ಸ್ಥಾನ. ಯುರೋಪಿನ ನ್ಯಾಯಾಲಯವು 2011ರ ಮಾರ್ಚ್ 1ರ ತೀರ್ಪಿನಲ್ಲಿ ವಿಮಾ ದರದಲ್ಲಿ ಹೆಣ್ಣು ಗಂಡೆಂಬ ಭೇದ ಸಲ್ಲದೆಂದು ಹೇಳಿ, 2012ರ ಡಿಸೆಂಬರ್ 21ರಿಂದ ಅದನ್ನು ಅನ್ವಯಿಸಿತು. ಹೆಂಗಸರಿಗೆ ಅಪಘಾತ ಕಡಿಮೆಯೆಂದು ಅಂಕಿಗಳು ತೋರಿಸಿದರೂ, ಹುಟ್ಟಿನಿಂದ ಬಂದ ಗುರುತನ್ನು ಲೆಕ್ಕಕ್ಕೆ ಹಿಡಿಯಬಾರದೆಂಬುದು ಅಲ್ಲಿನ ನಿಲುವು. ಲೆಕ್ಕವಾಗಿ ಸರಿಯಾದುದೆಲ್ಲ ನ್ಯಾಯವಾಗಿ ಸರಿಯಾಗಬೇಕಿಲ್ಲ ಎಂಬ ವಿವೇಕ ಇದರಲ್ಲಿದೆ.

ನಮ್ಮಲ್ಲಿ 2021ರಲ್ಲಿ ಪ್ರಾಧಿಕಾರದ ಕಾರ್ಯತಂಡವೊಂದು ಸಂಚಾರ ನಿಯಮಗಳ ಉಲ್ಲಂಘನೆಯನ್ನು ವಿಮಾ ದರಕ್ಕೆ ಜೋಡಿಸುವ ಕರಡು ವರದಿ ನೀಡಿತು. ಚಾಲಕನ ನಡತೆಯನ್ನು ಲೆಕ್ಕಕ್ಕೆ ತರುವ ಸ್ವಾಗತಾರ್ಹ ಪ್ರಯತ್ನವಾದರೂ, ಆ ಹೆಚ್ಚುವರಿ ಕಂತನ್ನು ವಾಹನದ ನೋಂದಾಯಿತ ಒಡೆಯನೇ ಕಟ್ಟಬೇಕೆಂದು ಅದರಲ್ಲಿ ಸೂಚಿಸಲಾಗಿತ್ತು. ಪುಣ್ಯದಂತೆಯೇ ಪಾಪವೂ ಒಡೆಯನ ಖಾತೆಗೆ ಎಂದಂತಾಯಿತು. 2022ರ ಜುಲೈನಲ್ಲಿ ಪ್ರಾಧಿಕಾರವು, ಓಡಿಸಿದ ದೂರಕ್ಕೆ ತಕ್ಕಂತೆ ಮತ್ತು ಓಡಿಸುವ ರೀತಿಗೆ ತಕ್ಕಂತೆ ದರ ವಿಧಿಸುವ ಯೋಜನೆಗಳಿಗೆ ಅನುಮತಿ ನೀಡಿತು. ಗಾಡಿಗೆ ಅಳವಡಿಸಿದ ಉಪಕರಣ ಅಥವಾ ಮೊಬೈಲ್ ಫೋನು ವೇಗವನ್ನು, ಹಠಾತ್ತನೆ ಬ್ರೇಕ್ ಒತ್ತುವುದನ್ನು, ಓಡಿಸಿದ ಹೊತ್ತನ್ನು ದಾಖಲಿಸಬಲ್ಲದು. ಮನೆಯ ಮುಂದೆ ನಿಂತಿರುವ ವಸಂತಪುರದ ಕಾರಿಗೆ ಇದರಿಂದ ನ್ಯಾಯ ದೊರೆಯಬಹುದು. ಆದರೆ ಹೊಂಡ ತಪ್ಪಿಸಲು, ಎದುರು ಬಂದ ಮಗುವನ್ನು ಉಳಿಸಲು ಒತ್ತಿದ ಬ್ರೇಕು ಅಜಾಗರೂಕತೆಯೋ ಎಚ್ಚರವೋ ಎಂಬುದನ್ನು ಯಂತ್ರ ತಾನಾಗಿ ಹೇಳಲಾರದು. ರಾತ್ರಿಪಾಳಿಯ ನೌಕರರನ್ನು ಮನೆ ಮುಟ್ಟಿಸುವ ಚಾಲಕನು ರಾತ್ರಿ ಓಡಿಸುವುದು ಅವನ ಚಪಲದಿಂದಲ್ಲ, ಹೊಟ್ಟೆಪಾಡಿನಿಂದ. ಮೌನಿಯಾದ ಋಷಿಯಂತೆ ದಾಖಲೆಯೂ ಮೌನಿ. ಸುತ್ತ ಸಿಕ್ಕ ಕುರುಹುಗಳಿಂದಲೇ ತೀರ್ಪು ಹೇಳುವ ರಾಜಭಟರ ಅವಸರ ಇಲ್ಲಿಯೂ ಸಂಭವಿಸಬಹುದು.

ಸಮಾರೋಪ

ಇದುವರೆಗಿನ ಅವಲೋಕನದಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ನಮ್ಮ ದೇಶದ ಮೋಟಾರು ವಿಮಾ ದರದ ಚರಿತ್ರೆಯು ಬಹುಮಟ್ಟಿಗೆ ವಾಹನದ ಚರಿತ್ರೆಯೇ ಹೊರತು ಚಾಲಕನದಲ್ಲ. ಗಾಡಿಯ ಬೆಲೆ, ವಯಸ್ಸು, ಎಂಜಿನ್ನು, ನೋಂದಣಿಯ ಊರು ಇವು ಸುಲಭವಾಗಿ ಕಾಣುವ ಗುರುತುಗಳಾದುದರಿಂದ ದರವು ಅವುಗಳ ಮೇಲೆ ನಿಂತಿತು. ಮನುಷ್ಯನನ್ನು ಅಳೆಯಲು ಇದ್ದ ಬೋನಸ್ಸೂ ಒಡೆಯನನ್ನೇ ಅಳೆಯಿತು. ಊರಿನ ಪರಿಚಯದ ಲೆಕ್ಕ ಅಳಿದು ಅಂಕಿಯ ಲೆಕ್ಕ ಬಂದಾಗ ಕಳೆದುಹೋದದ್ದು ಇವನು ಜತನಗಾರ ಎಂಬ ಸಾಕ್ಷ್ಯ.

ಆ ಸಾಕ್ಷ್ಯವನ್ನು ಮರಳಿ ತರುವುದು ಅಸಾಧ್ಯವಲ್ಲ. ಪ್ರತಿ ಚಾಲಕನ ಪರವಾನಗಿಯ ಹೆಸರಿನಲ್ಲೇ ಅವನ ಸುರಕ್ಷಾ ದಾಖಲೆ ಬೆಳೆಯುವಂತಾಗಬೇಕು. ಅವನು ಗಾಡಿ ಕೊಂಡ ದಿನ ಅದು ಅವನಿಗೆ ಬೋನಸ್ಸಾಗಿ ಒದಗಬೇಕು. ಸ್ವಂತ ವಾಹನಪಡೆಗೆ ತಾನೇ ವಿಮೆ ಒದಗಿಸುವ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯು ಸರ್ಕಾರಿ ಚಾಲಕರ ಮಟ್ಟಿಗೆ ಇದನ್ನು ಮೊದಲು ಪ್ರಯೋಗಿಸಿ ನೋಡಬಹುದು. ಬೋನಸ್ಸಿನ ಪತನ ಕ್ಲೇಮಿನ ಗಾತ್ರಕ್ಕೂ ತಪ್ಪಿನ ಹೊಣೆಗೂ ತಕ್ಕಂತಿರಬೇಕು. ಉಪಕರಣದ ದಾಖಲೆಯಿಂದ ದರ ಏರಿಸುವುದಾದರೆ, ಕಾರಣವನ್ನು ತಿಳಿಯುವ ಮತ್ತು ಉತ್ತರ ಕೊಡುವ ಅವಕಾಶ ಪಾಲಿಸಿದಾರನಿಗೆ ಇರಬೇಕು.

ಹಾಗೆಂದು ಪ್ರತಿಯೊಬ್ಬನನ್ನೂ ಬಿಡಿಯಾಗಿ ತೂಗಿ, ಅವನ ಕೇಡಿನ ಪೂರ್ಣ ಬೆಲೆಯನ್ನು ಅವನಿಂದಲೇ ವಸೂಲು ಮಾಡುವುದೂ ನ್ಯಾಯವಲ್ಲ. ಹಾಗಾದ ದಿನ ವಿಮೆಯೆಂಬುದು ಉಳಿಯದು. ಅವರವರ ಹಣ ಅವರವರೇ ಕೂಡಿಟ್ಟುಕೊಂಡಂತಾಗುತ್ತದೆ, ಪೆಟ್ಟು ತಿಂದ ಅಪರಿಚಿತನಿಗೆ ಆಸರೆ ತಪ್ಪುತ್ತದೆ. ‘ಮಾಡಿದ್ದುಣ್ಣೋ ಮಹರಾಯ’ ಎಂಬುದೂ ‘ಹನಿಗೂಡಿದರೆ ಹಳ್ಳ’ ಎಂಬುದೂ ನಮ್ಮ ಜನರು ಒಟ್ಟಿಗೇ ಉಳಿಸಿಕೊಂಡು ಬಂದ ಮಾತುಗಳು. ಅಜಾಗರೂಕತೆಗೆ ಮೊದಲನೆಯ ಗಾದೆ, ದುರದೃಷ್ಟಕ್ಕೆ ಎರಡನೆಯದು ಅನ್ವಯಿಸಬೇಕು. ಯಾವುದು ಅಜಾಗರೂಕತೆ, ಯಾವುದು ದುರದೃಷ್ಟ ಎಂಬುದನ್ನು ಬೇರ್ಪಡಿಸುವ ಕೆಲಸವನ್ನು ನಾಲ್ಕು ಅಂಕಣಗಳ ಪಟ್ಟಿಗಾಗಲಿ ಉಪಕರಣಕ್ಕಾಗಲಿ ಪೂರ್ತಿ ಬಿಟ್ಟುಕೊಡುವಂತಿಲ್ಲ. ಧರ್ಮದೇವತೆಯೂ ತನ್ನ ಲೆಕ್ಕಕ್ಕೆ ಕಾರಣ ಹೇಳಬೇಕಾಯಿತೆಂದು ನಂಬುವ ಪರಂಪರೆಯಲ್ಲಿ, ವಿಮೆಯ ದರಪಟ್ಟಿಯಿಂದಲೂ ಅಷ್ಟನ್ನು ನಿರೀಕ್ಷಿಸುವುದು ಅತಿಯಾದ ಬೇಡಿಕೆಯಲ್ಲ.